ಹೊಸ ಕಮ್ಮಾರನಿಗೊಂದು ಅಗ್ಗದ ಅಡೆಗಲ್ಲು



ಹೆದ್ದಾರಿಯ ಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಕೊಡಲಿ, ಮಚ್ಚು, ಕುಡುಗೋಲು ಬಡಿಯುವ ಅಲೆಮಾರಿ ಕುಟುಂಬಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಇವರಲ್ಲಿ ರಾಜಸ್ಥಾನದ ಗಾಡಿಯಾ ಲೋಹಾರರು ಹೆಸರಾದವರು. ಗಂಡಸು ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಕೂತಿರುತ್ತಾನೆ. ಎದುರಿಗೆ ನಿಂತ ಹೆಂಗಸು ಸಮ್ಮಟಿಗೆ ಎತ್ತಿ ಹೊಡೆಯುತ್ತಾಳೆ. ಇಬ್ಬರ ನಡುವಿನ ಅಡೆಗಲ್ಲು ಎಷ್ಟು ದೊಡ್ಡದು? ಬಗ್ಗಿ ನೋಡಬೇಕು. ನೆಲದಲ್ಲಿ ಹುಗಿದ ಒಂದು ಕಬ್ಬಿಣದ ಗಟ್ಟಿ, ಅಷ್ಟೆ. ಮಣ್ಣಿನ ಮೇಲೆ ಕಾಣುವುದು ಕೆಲವೇ ಬೆರಳು. ಅದಕ್ಕೆ ಕೊಂಬಿಲ್ಲ, ತೂತಿಲ್ಲ, ಬಣ್ಣವಿಲ್ಲ. ಅದರ ಮೇಲೆ ತಯಾರಾದ ಕೊಡಲಿ ರೈತನ ಮನೆಯಲ್ಲಿ ವರ್ಷಗಟ್ಟಲೆ ಸೌದೆ ಒಡೆಯುತ್ತದೆ.

ಕಬ್ಬಿಣ ಬಡಿಯುವುದನ್ನು ಹೊಸದಾಗಿ ಕಲಿಯಲು ಹೊರಟವರು ಈಗ ಹಳ್ಳಿಯಲ್ಲೂ ಇದ್ದಾರೆ, ಪೇಟೆಯಲ್ಲೂ ಇದ್ದಾರೆ. ಸ್ವಂತ ಕೈಯಿಂದ ಒಂದು ಚಾಕು ಮಾಡಬೇಕು ಎನ್ನುವ ಕಾಲೇಜು ಹುಡುಗ. ಗುದ್ದಲಿ ತಟ್ಟಿಸಲು ಹತ್ತು ಮೈಲಿ ಹೋಗಬೇಕಾಗಿ ಬಂದ ರೈತ. ಅಜ್ಜನ ಕುಲುಮೆಯನ್ನು ಮತ್ತೆ ಹೊತ್ತಿಸಬೇಕೆಂದಿರುವ ಮೊಮ್ಮಗಳು. ಇವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. ಅಡೆಗಲ್ಲು ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ?

ಈ ಪ್ರಶ್ನೆಯ ಹಿಂದೆ ಒಂದು ಚಿತ್ರ ಇರುತ್ತದೆ. ಟೀವಿಯಲ್ಲಿ, ಮೊಬೈಲಿನಲ್ಲಿ ಕಂಡ ಚಿತ್ರ. ಅಮೆರಿಕದಲ್ಲಿ 2015ರಲ್ಲಿ ಶುರುವಾದ ‘ಫೋರ್ಜ್ಡ್ ಇನ್ ಫೈರ್’ ಎಂಬ ಟೀವಿ ಸ್ಪರ್ಧೆ ಚಾಕು, ಖಡ್ಗ ಬಡಿಯುವ ಕೆಲಸವನ್ನು ಮನೆಮನೆಗೆ ತಂದಿತು. ಅದರ ಜೊತೆಗೆ ಆ ನಾಡಿನ ದೊಡ್ಡ ಅಡೆಗಲ್ಲಿನ ರೂಪವೂ ಬಂತು. ಯುರೋಪಿನ ಒಳ್ಳೆಯ ಕಾರ್ಖಾನೆಯಲ್ಲಿ ಮಾಡಿದ, 100 ಕೆ.ಜಿ. ತೂಗುವ ಹೊಸ ಅಡೆಗಲ್ಲಿಗೆ ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆ. ಹಡಗಿನ ಬಾಡಿಗೆ, ಸುಂಕ ಬೇರೆ. ಆ ಬೆಲೆ ಕೇಳಿಯೇ ಎಷ್ಟೋ ಮಂದಿ ಕೈಬಿಡುತ್ತಾರೆ. ಇನ್ನು ಕೆಲವರು ಅದೇ ಆಕಾರದ ಅಗ್ಗದ ಮಾಲು ಕೊಂಡು ಮೋಸಹೋಗುತ್ತಾರೆ. ಎರಡೂ ಬೇಕಿಲ್ಲ. ಕಲಿಯುವವರಿಗೆ ಬೇಕಾದದ್ದು ಆಕಾರವಲ್ಲ. ಸುತ್ತಿಗೆಯ ಕೆಳಗೆ ನೇರವಾಗಿ ತೂಕ ಇರಬೇಕು. ಮುಖ ಗಟ್ಟಿಯಾಗಿರಬೇಕು. ಬುಡ ಅಲುಗಾಡಬಾರದು. ಇವತ್ತಿನ ಮಾತೆಲ್ಲ ಈ ಮೂರರ ಸುತ್ತಲೇ.

ಮೊದಲು ಆ ದೊಡ್ಡ ಅಡೆಗಲ್ಲನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಉದ್ದ ಸುಮಾರು ಎರಡು ಅಡಿ. ಮೇಲೆ ಸಪಾಟಾದ ಮುಖ, ನಾಲ್ಕೈದು ಬೆರಳಗಲ. ಒಂದು ತುದಿಯಲ್ಲಿ ಮೊನಚಾಗುತ್ತ ಹೋಗುವ ದುಂಡನೆಯ ಕೊಂಬು. ಇನ್ನೊಂದು ತುದಿಯಲ್ಲಿ ಹೊರಚಾಚಿದ ಚಪ್ಪಟೆ ಬಾಲ. ಬಾಲದಲ್ಲಿ ಎರಡು ತೂತು, ಒಂದು ಚೌಕ, ಒಂದು ದುಂಡು. ನಡು ಸಣ್ಣ, ಪಾದ ಅಗಲ. ಕೊಂಬು ಇರುವುದು ಬಳೆ, ಕೊಕ್ಕೆ, ಸರಪಣಿಯ ಕೊಂಡಿ ಬಗ್ಗಿಸಲು. ಚೌಕದ ತೂತಿನಲ್ಲಿ ಉಳಿಯಂಥ ಸಲಕರಣೆಗಳನ್ನು ನಿಲ್ಲಿಸುತ್ತಾರೆ. ದುಂಡು ತೂತು ಇರುವುದು ಕಾದ ಕಬ್ಬಿಣಕ್ಕೆ ತೂತು ಹೊಡೆಯುವಾಗ ಮೊಳೆ ಕೆಳಗೆ ಇಳಿಯಲಿ ಎಂದು.

ಈ ರೂಪ ಯುರೋಪಿನಲ್ಲಿ ಬೆಳೆದದ್ದು. ಕುದುರೆ ಲಾಳ, ಗಾಡಿಯ ಸಾಮಾನು, ಗೇಟು, ಹಡಗಿನ ಕೊಂಡಿ ಎಲ್ಲವನ್ನೂ ಒಂದೇ ಕಡೆ ನಿಂತು ಮಾಡಬೇಕಾದ ಕಮ್ಮಾರನಿಗೆ ಅದು ಅನುಕೂಲ. ಆದರೆ ಕಬ್ಬಿಣದ ಕೆಲಸ ಅದಿಲ್ಲದೆಯೂ ಸಾವಿರಾರು ವರ್ಷ ನಡೆದಿದೆ. ಜಪಾನಿನ ಖಡ್ಗ ಮಾಡುವವರ ಅಡೆಗಲ್ಲು ಇವತ್ತಿಗೂ ಕೊಂಬಿಲ್ಲದ ಆಯತದ ಗಟ್ಟಿ. ಆಫ್ರಿಕಾದ ಹಲವು ಕಡೆ ಕಮ್ಮಾರರು ಗಟ್ಟಿ ಬಂಡೆಯ ಮೇಲೆಯೇ ಬಡಿದಿದ್ದಾರೆ. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ 1936ರಲ್ಲಿ ಹೊಲ ಉಳುವಾಗ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಸುಮಾರು ಸಾವಿರ ವರ್ಷ ಹಿಂದಿನ, ವೈಕಿಂಗರ ಕಾಲದ ಕಸುಬುದಾರನ ಪೆಟ್ಟಿಗೆ. ಅದರಲ್ಲಿ ಮತ್ತು ಅದರ ಸುತ್ತ ಇನ್ನೂರಕ್ಕೂ ಹೆಚ್ಚು ಸಾಮಾನು. ಇಕ್ಕಳ, ಸುತ್ತಿಗೆ, ಅರ, ಗರಗಸಗಳ ಜೊತೆ ಇದ್ದ ಅಡೆಗಲ್ಲುಗಳೂ ಪೆಟ್ಟಿಗೆಯಲ್ಲಿ ಹಿಡಿಯುವಷ್ಟು ಚಿಕ್ಕವೇ. ಬೀಗ, ಸರಪಣಿ, ಹಡಗಿನ ಮೊಳೆ ಮಾಡುತ್ತಿದ್ದ ಕಾಲವದು.

ಹಾಗಾದರೆ ಆಕಾರ ಬಿಟ್ಟರೂ ನಡೆಯುತ್ತದೆ. ತೂಕ ಎಷ್ಟು ಬೇಕು?

ಇಲ್ಲೊಂದು ಸರಳ ಲೆಕ್ಕ ಇದೆ. ಸುತ್ತಿಗೆಯ ಪೆಟ್ಟಿನ ಶಕ್ತಿ ಎರಡು ಪಾಲಾಗುತ್ತದೆ. ಒಂದು ಪಾಲು ಕಾದ ಕಬ್ಬಿಣವನ್ನು ಹಿಗ್ಗಿಸುತ್ತದೆ. ಇನ್ನೊಂದು ಪಾಲು ಅಡೆಗಲ್ಲನ್ನು ಅಲುಗಿಸುವುದರಲ್ಲಿ ಹಾಳಾಗುತ್ತದೆ. ಅಡೆಗಲ್ಲು ಭಾರವಾದಷ್ಟೂ ಹಾಳಾಗುವುದು ಕಡಿಮೆ. ನಿಮ್ಮ ಸುತ್ತಿಗೆ 1 ಕೆ.ಜಿ. ಎಂದುಕೊಳ್ಳಿ. ಕೆಳಗಿರುವ ಗಟ್ಟಿ 4 ಕೆ.ಜಿ. ಇದ್ದು, ಯಾವುದಕ್ಕೂ ಬಿಗಿಯದೆ ಇಟ್ಟಿದ್ದರೆ, ನೂರಕ್ಕೆ 80 ಪಾಲು ಕೆಲಸಕ್ಕೆ ಸಿಗುತ್ತದೆ. 20 ಕೆ.ಜಿ. ಇದ್ದರೆ ನೂರಕ್ಕೆ 95. 50 ಕೆ.ಜಿ. ಇದ್ದರೆ ನೂರಕ್ಕೆ 98.

ಈ ಅಂಕಿಗಳನ್ನು ಇನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಿ. 4ರಿಂದ 20 ಕೆ.ಜಿ.ಗೆ ಹೋದಾಗ ಲಾಭ ದೊಡ್ಡದು. 20ರಿಂದ 50ಕ್ಕೆ ಹೋದಾಗ ಸಿಗುವುದು ನೂರಕ್ಕೆ ಮೂರು ಪಾಲು ಮಾತ್ರ. ಸುತ್ತಿಗೆಗಿಂತ ಅಡೆಗಲ್ಲು 50 ಪಟ್ಟು ಭಾರ ಇರಬೇಕು ಎಂಬ ಮಾತು ಕಸುಬಿನಲ್ಲಿ ಬಹಳ ಓಡಾಡುತ್ತದೆ. ಅಷ್ಟಿದ್ದರೆ ಒಳ್ಳೆಯದೇ. ಆದರೆ 20 ಪಟ್ಟು ಇದ್ದರೆ ಕಲಿಕೆಗೆ ಧಾರಾಳವಾಗಿ ಸಾಕು. ಗಟ್ಟಿಯನ್ನು ಮರದ ದಿಮ್ಮಿಗೆ ಬಿಗಿಯಾಗಿ ಇಳಿಸಿ, ದಿಮ್ಮಿಯನ್ನು ನೆಲದಲ್ಲಿ ಹೂತರೆ ಮರವೂ ಮಣ್ಣೂ ಆ ಪೆಟ್ಟಿಗೆ ಹೆಗಲು ಕೊಡುತ್ತವೆ. ರಸ್ತೆ ಬದಿಯ ಲೋಹಾರನ ಸಣ್ಣ ಗಟ್ಟಿ ಅಷ್ಟು ಕೆಲಸ ಮಾಡುವುದು ಹೀಗೆ.

ತೂಕ ಸುತ್ತಿಗೆಯ ನೇರ ಕೆಳಗೇ ಇರಬೇಕು ಎಂಬುದನ್ನೂ ಮರೆಯಬಾರದು. ಅಗಲವಾದ ತೆಳು ತಗಡು 30 ಕೆ.ಜಿ. ತೂಗಬಹುದು. ಅದರ ಮೇಲೆ ಹೊಡೆದರೆ ತಗಡು ಬಳುಕುತ್ತದೆ, ಪೆಟ್ಟು ಸೊರಗುತ್ತದೆ. ಅದೇ 30 ಕೆ.ಜಿ. ಕಂಬದಂತೆ ನಿಂತಿದ್ದರೆ ಪೂರ್ತಿ ತೂಕ ಪೆಟ್ಟನ್ನು ಎದುರಿಸುತ್ತದೆ.

ತೂಕದ ಮಾತು ಮುಗಿಯಿತು. 20 ಕೆ.ಜಿ.ಯ ಸುತ್ತಮುತ್ತ, ನೆಟ್ಟಗೆ ನಿಂತ ತೂಕ. ಇನ್ನು ಗಟ್ಟಿತನ. ಹೆಚ್ಚು ಜನ ಎಡವುವುದು ಇಲ್ಲೇ.

ಪೇಟೆಯಲ್ಲೂ ಆನ್‌ಲೈನಿನಲ್ಲೂ ಚಂದದ ಬಣ್ಣ ಹೊಡೆದ, ಕೊಂಬು ಬಾಲ ಎಲ್ಲ ಇರುವ ಅಡೆಗಲ್ಲುಗಳು ಅಗ್ಗಕ್ಕೆ ಸಿಗುತ್ತವೆ. ಇವುಗಳಲ್ಲಿ ಬಹಳಷ್ಟು ಬೀಡು ಕಬ್ಬಿಣದ ಎರಕ. ಬೀಡಿನಲ್ಲಿ ಇಂಗಾಲ ನೂರಕ್ಕೆ ಎರಡಕ್ಕಿಂತ ಹೆಚ್ಚು, ನಾಲ್ಕರವರೆಗೂ ಇರುತ್ತದೆ. ಅದರ ಬಹುಪಾಲು ಗ್ರಾಫೈಟಿನ ಸಣ್ಣ ಸಣ್ಣ ಹಾಳೆಗಳಾಗಿ ಒಳಗೆ ಹರಡಿಕೊಂಡಿರುತ್ತದೆ. ಅದಕ್ಕೇ ಬೀಡಿಗೆ ಪೆಟ್ಟು ತಡೆಯುವ ಗುಣವಿಲ್ಲ. ಮುಖ ತಗ್ಗು ಬೀಳುತ್ತದೆ. ಅಂಚು ಚಕ್ಕೆ ಏಳುತ್ತದೆ. ಜೋರಾಗಿ ಹೊಡೆದರೆ ಕೊಂಬೇ ಮುರಿದು ಬೀಳುವುದುಂಟು. ಎಲ್ಲ ಎರಕವೂ ಕೆಟ್ಟದ್ದಲ್ಲ. ಉಕ್ಕನ್ನೇ ಎರಕ ಹೊಯ್ದು ಹದ ಹಾಕಿದ ಅಡೆಗಲ್ಲು ಒಳ್ಳೆಯದು. ಅಂಗಡಿಯವನು ಎರಕ ಎಂದಷ್ಟೇ ಹೇಳಿದರೆ ಬಿಡಬೇಡಿ. ಉಕ್ಕಿನ ಎರಕವೋ, ಬೀಡಿನ ಎರಕವೋ ಎಂದು ಕೇಳಿ. ಉತ್ತರ ಬಾರದಿದ್ದರೆ ಪರೀಕ್ಷೆ ಮಾಡಿ.

ಪರೀಕ್ಷೆಗೆ ಬೇಕಾದ ಸಾಮಾನು ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಗ್ಯಾರೇಜಿನಲ್ಲಿ ಬಿಸಾಡಿದ ಬೇರಿಂಗಿನ ಒಂದು ಉಕ್ಕಿನ ಗುಂಡು. ಗೋಲಿಗಿಂತ ತುಸು ದೊಡ್ಡದಾದರೆ ಒಳ್ಳೆಯದು. ಜೊತೆಗೆ ಒಂದಡಿಯ ಸ್ಕೇಲು. ಗುಜರಿ ಅಂಗಡಿಯಲ್ಲಿ ಗಟ್ಟಿಯನ್ನು ಸಮವಾದ ನೆಲದ ಮೇಲೆ ಇಡಿಸಿ. ಮುಖದ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ. ಸ್ಕೇಲನ್ನು ಮುಖದ ಮೇಲೆ ನೆಟ್ಟಗೆ ಹಿಡಿದು, 10 ಅಂಗುಲ ಎತ್ತರದಿಂದ ಗುಂಡನ್ನು ಬಿಡಿ. ತಳ್ಳಬಾರದು, ಸುಮ್ಮನೆ ಬಿಡಬೇಕು. ಗುಂಡು 7 ಅಥವಾ 8 ಅಂಗುಲದವರೆಗೆ ಪುಟಿದರೆ ಮುಖ ಒಳ್ಳೆಯ ಹದದಲ್ಲಿದೆ. ಗುಂಡು ಟಕ್ ಟಕ್ ಟಕ್ ಎಂದು ಬಹಳ ಹೊತ್ತು ಕುಣಿಯುತ್ತದೆ. ಅರ್ಧಕ್ಕೂ ಏಳದೆ ಎರಡು ಮೂರು ಪುಟಿತಕ್ಕೇ ಸುಸ್ತಾದರೆ ಮುಖ ಮೆತ್ತಗಿದೆ. ಒಂದೇ ಕಡೆ ಬಿಟ್ಟು ನಿಲ್ಲಿಸಬೇಡಿ. ಮಧ್ಯದಲ್ಲಿ, ನಾಲ್ಕು ಮೂಲೆಯಲ್ಲಿ ಬಿಡಿ. ಒಂದು ಮೂಲೆಯಲ್ಲಿ ಮಾತ್ರ ಗುಂಡು ಸತ್ತರೆ ಅಲ್ಲಿ ಒಳಗೆ ಬಿರುಕೋ, ಬೆಸುಗೆ ಬಿಟ್ಟ ಜಾಗವೋ ಇರಬಹುದು.

ಎರಡನೆಯ ಪರೀಕ್ಷೆ ಅರದ್ದು. ಮುಖದ ಕಣ್ಣಿಗೆ ಬೀಳದ ಮೂಲೆಯಲ್ಲಿ ಹಳೆಯ ಅರವನ್ನು ಒಮ್ಮೆ ಎಳೆದು ನೋಡಿ. ಅರ ಜಾರಿದರೆ ಉಕ್ಕು ಗಟ್ಟಿ. ಕಚ್ಚಿ ಪುಡಿ ಉದುರಿಸಿದರೆ ಮೆತ್ತಗೆ.

ಮೂರನೆಯದು ಕಿವಿಯ ಪರೀಕ್ಷೆ. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಉಕ್ಕಿನ ಅಡೆಗಲ್ಲು ಠಣ್ಣೆಂದು ಗಂಟೆಯ ದನಿ ಕೊಡುತ್ತದೆ. ಬೀಡು ದಬ್ಬೆಂದು ಸುಮ್ಮನಾಗುತ್ತದೆ. ಆದರೆ ಇದೊಂದನ್ನೇ ನಂಬಬೇಡಿ. ಅಮೆರಿಕದ ಫಿಶರ್ ಎಂಬ ಹಳೆಯ ಹೆಸರಾಂತ ಅಡೆಗಲ್ಲಿಗೆ ಬೀಡಿನ ಮೈ, ಉಕ್ಕಿನ ಮುಖ. ಅದು ದನಿಯನ್ನೇ ಕೊಡುವುದಿಲ್ಲ. ಕೆಲಸಕ್ಕೆ ಮಾತ್ರ ಬಹಳ ಒಳ್ಳೆಯದು. ಗುಂಡಿನ ಮಾತು ಮೊದಲು, ಗಂಟೆಯ ಮಾತು ಆಮೇಲೆ.

ಗುಂಡು, ಅರ, ದನಿ. ಈ ಮೂರು ಪರೀಕ್ಷೆ ಗೊತ್ತಿದ್ದವರು ಧೈರ್ಯವಾಗಿ ಗುಜರಿಗೆ ಹೋಗಬಹುದು. ಅಲ್ಲಿ ಏನನ್ನು ಹುಡುಕಬೇಕು?

ಎಲ್ಲರ ಬಾಯಲ್ಲೂ ಮೊದಲು ಬರುವುದು ರೈಲು ಕಂಬಿ. ನಮ್ಮ ದೇಶದ ಮುಖ್ಯ ಮಾರ್ಗಗಳಲ್ಲಿ ಹಾಕುವ ಕಂಬಿ ಮೀಟರಿಗೆ 52 ಅಥವಾ 60 ಕೆ.ಜಿ. ತೂಗುತ್ತದೆ. ಹಾಗಾಗಿ 60 ಕೆ.ಜಿ. ಕಂಬಿಯ ಒಂದಡಿ ತುಂಡು ಸುಮಾರು 18 ಕೆ.ಜಿ. ಅದರ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದಕ್ಕಿಂತ ಕಡಿಮೆ, ಮುಕ್ಕಾಲರ ಹತ್ತಿರ ಇರುತ್ತದೆ. ವರ್ಷಗಟ್ಟಲೆ ಚಕ್ರಗಳ ಭಾರ ತಿಂದು ತಲೆ ಇನ್ನಷ್ಟು ಬಿಗಿಯಾಗಿರುತ್ತದೆ. ಮಾಲು ಬಹಳ ಚೆನ್ನಾಗಿದೆ. ಹೆಚ್ಚಿನವರು ಅದನ್ನು ರೈಲು ದಾರಿಯಲ್ಲಿ ಹೇಗೆ ಮಲಗಿರುತ್ತದೋ ಹಾಗೇ ಮಲಗಿಸಿ ಬಳಸುತ್ತಾರೆ. ಅದು ಸರಿಯಲ್ಲ. ಕಂಬಿಗೆ ಅಗಲವಾದ ಪಾದ, ದಪ್ಪ ತಲೆ, ನಡುವೆ ತೆಳ್ಳನೆಯ ಗೋಡೆ. ಮಲಗಿಸಿದಾಗ ಸುತ್ತಿಗೆಯ ಪೆಟ್ಟು ಆ ತೆಳು ಗೋಡೆಯ ಮೇಲೆ ಬೀಳುತ್ತದೆ. ಅದು ಸ್ಪ್ರಿಂಗಿನ ಹಾಗೆ ಬಳುಕುತ್ತದೆ, ಕಿವಿ ಒಡೆಯುವ ಸದ್ದು ಮಾಡುತ್ತದೆ. ಬದಲಿಗೆ ತುಂಡನ್ನು ಕಂಬದ ಹಾಗೆ ನಿಲ್ಲಿಸಿ. ಈಗ ಮೇಲ್ಮುಖ ಸಣ್ಣದಾಯಿತು, ತಲೆಯ ಕಡೆ ಸುಮಾರು 7 ಸೆಂಟಿಮೀಟರ್ ಅಗಲ. ಆದರೆ ಅದರ ಕೆಳಗೆ ಒಂದಡಿ ಉಕ್ಕು ನೆಟ್ಟಗೆ ನಿಂತಿದೆ. ಚಾಕು, ಕೊಕ್ಕೆ, ಉಳಿ, ಸಣ್ಣ ಕುಡುಗೋಲು ಬಡಿಯಲು ಅಷ್ಟು ಮುಖ ಸಾಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು. ಹಳಿಯ ಪಕ್ಕ ಬಿದ್ದ ತುಂಡು ಅನಾಥ ಮಾಲಲ್ಲ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರ ಒಂದು ಪ್ರತ್ಯೇಕ ಕಾನೂನೇ ಇದೆ. ಮೊದಲ ತಪ್ಪಿಗೇ ಐದು ವರ್ಷದವರೆಗೆ ಜೈಲು ಆಗಬಹುದು. ನ್ಯಾಯವಾಗಿ ಬಂದದ್ದು ಎಂದು ತೋರಿಸುವ ಹೊಣೆ ಇಟ್ಟುಕೊಂಡವನದ್ದೇ. ರೈಲ್ವೆ ತನ್ನ ಹಳೆಯ ಕಂಬಿಯನ್ನು ಹರಾಜಿನಲ್ಲಿ ಮಾರುತ್ತದೆ. ಹರಾಜಿನಲ್ಲಿ ಕೊಂಡ ವ್ಯಾಪಾರಿಯಿಂದ ಬಿಲ್ಲು ಬರೆಸಿಕೊಂಡು ತೆಗೆದುಕೊಳ್ಳಿ. ಬಿಲ್ಲನ್ನು ಜೋಪಾನವಾಗಿ ಇಡಿ. ಬಿಲ್ಲು ಕೊಡದವನಿಂದ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಈ ತಾಪತ್ರಯವೇ ಬೇಡ ಎನ್ನುವವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ದೊಡ್ಡ ಊರುಗಳಲ್ಲಿ ಲೇತ್ ವರ್ಕ್‌ಶಾಪುಗಳಿಗೆ ಉಕ್ಕಿನ ಸರಳು ಮಾರುವ ಅಂಗಡಿಗಳಿವೆ. ಅಲ್ಲಿ ಕೆ.ಜಿ. ಲೆಕ್ಕದಲ್ಲಿ ತುಂಡು ಕತ್ತರಿಸಿ ಕೊಡುತ್ತಾರೆ. ಈಎನ್-8 ಎಂಬ ಉಕ್ಕು ಕೇಳಿ. ನಾಲ್ಕು ಅಂಗುಲ ಚೌಕದ, ಒಂದಡಿ ಎತ್ತರದ ತುಂಡು ಸುಮಾರು 25 ಕೆ.ಜಿ. ತೂಗುತ್ತದೆ. ಆರು ಅಂಗುಲ ದುಂಡಿನ, ಒಂದಡಿ ಎತ್ತರದ ತುಂಡು 40 ಕೆ.ಜಿ. ದಾಟುತ್ತದೆ. ದೊಡ್ಡ ಕಾರ್ಖಾನೆಗಳು ಕತ್ತರಿಸಿ ಉಳಿಸಿದ ತುಂಡು ಗುಜರಿಯಲ್ಲಿ ಸಿಕ್ಕರೆ ಬೆಲೆ ಇನ್ನೂ ಇಳಿಯುತ್ತದೆ. ಹದ ಹಾಕದ ಈ ಉಕ್ಕು ಗುಂಡಿನ ಪರೀಕ್ಷೆಯಲ್ಲಿ ಮೊದಲ ದರ್ಜೆ ಬರುವುದಿಲ್ಲ. ಚಿಂತೆಯಿಲ್ಲ. ಹಳದಿಗೆ ಕಾದ ಕಬ್ಬಿಣ ತಣ್ಣನೆಯ ಉಕ್ಕಿಗಿಂತ ಎಷ್ಟೋ ಪಾಲು ಮೆತ್ತಗೆ. ಕಾದ ಕಬ್ಬಿಣವನ್ನಷ್ಟೇ ಬಡಿದರೆ ಮುಖಕ್ಕೆ ಏನೂ ಆಗದು. ಸುತ್ತಿಗೆ ತಪ್ಪಿ ಬಿದ್ದರೆ ತಗ್ಗಾಗುತ್ತದೆ, ಬೀಡಿನ ಹಾಗೆ ಸಿಡಿಯುವುದಿಲ್ಲ. ಗ್ರೈಂಡರಿನಿಂದ ಉಜ್ಜಿ ಮತ್ತೆ ಸಮ ಮಾಡಬಹುದು. ಹೊಸಬರ ಸುತ್ತಿಗೆ ಮೊದಲ ತಿಂಗಳುಗಳಲ್ಲಿ ತಪ್ಪಿ ಬೀಳುವುದೇ ಹೆಚ್ಚು. ಮೆತ್ತನೆಯ ಮುಖ ಅದನ್ನು ಸಹಿಸಿಕೊಳ್ಳುತ್ತದೆ. ಆದ್ದರಿಂದ ಯಾವುದನ್ನು ಕೊಳ್ಳಲಿ ಎಂದು ಕೇಳುವವರಿಗೆ ಈ ಭಾಷಣದ ಸಲಹೆ ಈ ಉಕ್ಕಿನ ಗಟ್ಟಿಯೇ.

ಅದಕ್ಕೂ ದುಡ್ಡಿಲ್ಲವೇ? ಕಲ್ಲು ಒಡೆಯುವ ಹಳೆಯ ಸಮ್ಮಟಿಗೆಯ ತಲೆ ಸಾಕು. ಅದು ಉಕ್ಕಿನದು, ಮುಖಕ್ಕೆ ಹದ ಹಾಕಿರುತ್ತದೆ. ನಾಲ್ಕೈದು ಕೆ.ಜಿ.ಯದು ಸಿಕ್ಕರೆ ಒಂದು ಗಟ್ಟಿ ಮರದ ದಿಮ್ಮಿಯಲ್ಲಿ ಅದರ ಅಳತೆಗೆ ಸರಿಯಾಗಿ ಗುಳಿ ಕೊರೆದು, ಒಂದು ಮುಖ ಮೇಲೆ ಬರುವಂತೆ ಬಿಗಿಯಾಗಿ ಇಳಿಸಿ. ಚಾಕು ಮಾಡಲು ಕಲಿಯುವವರಿಗೆ ಇದರಲ್ಲೇ ಎಷ್ಟೋ ದಿನ ಕೆಲಸ ನಡೆಯುತ್ತದೆ. ಲಾರಿಯ ಹಿಂದಿನ ಆಕ್ಸಲ್ ಶಾಫ್ಟಿನ ತುದಿಯಲ್ಲಿ ಅಗಲವಾದ ಬಿಲ್ಲೆ ಇರುತ್ತದಲ್ಲ, ಅದನ್ನು ತಲೆಕೆಳಗಾಗಿ ನೆಟ್ಟರೂ ಮೇಲೆ ಒಳ್ಳೆಯ ಮುಖ ಸಿಗುತ್ತದೆ.

ಇನ್ನೊಂದು ಅದೃಷ್ಟದ ಮಾತು. ಹಳೆಯ ವರ್ಕ್‌ಶಾಪು ಮುಚ್ಚಿದಾಗ ಇಂಗ್ಲೆಂಡಿನ ಹಳೆಯ ಅಡೆಗಲ್ಲು ಗುಜರಿಗೆ ಬರಬಹುದು. ಡಡ್ಲಿಯ ಪೀಟರ್ ರೈಟ್, ಶೆಫೀಲ್ಡಿನ ಮೌಸ್‌ಹೋಲ್ ಅಲ್ಲಿಯ ಹೆಸರಾದ ತಯಾರಕರು. ಇವುಗಳ ಪಕ್ಕೆಯಲ್ಲಿ ಮೂರು ಅಂಕಿ ಕೊರೆದಿರುತ್ತದೆ. ಅದು ತೂಕ. ಮೊದಲ ಅಂಕಿಯನ್ನು 112ರಿಂದ, ಎರಡನೆಯದನ್ನು 28ರಿಂದ ಗುಣಿಸಿ, ಮೂರನೆಯದನ್ನು ಹಾಗೇ ಕೂಡಿಸಬೇಕು. ಬರುವುದು ಪೌಂಡಿನ ಲೆಕ್ಕ. ಒಂದು, ಒಂದು, ಹತ್ತು ಎಂದಿದ್ದರೆ 150 ಪೌಂಡು, ಅಂದರೆ 70 ಕೆ.ಜಿ.ಗೆ ಹತ್ತಿರ. ಇವುಗಳ ಮೈ ಮೆದು ಕಬ್ಬಿಣ. ಮೇಲೆ ಸುಮಾರು ಅರ್ಧ ಅಂಗುಲದ ಉಕ್ಕಿನ ಹಲಗೆಯನ್ನು ಬೆಂಕಿಯಲ್ಲೇ ಬೆಸೆದಿರುತ್ತಾರೆ. ಮುಖ ನುಣ್ಣಗೆ ಕಾಣಲಿ ಎಂದು ಮಿಲ್ಲಿಂಗ್ ಮೆಶಿನ್ನಿಗೆ ಕೊಟ್ಟರೆ ಆ ಉಕ್ಕೇ ಸವೆದು ಹೋಗುತ್ತದೆ. ತುಸು ತಗ್ಗು ಬಿದ್ದ ಮುಖ ಕೆಲಸಕ್ಕೆ ಅಡ್ಡಿಯಲ್ಲ. ಮುಟ್ಟದೆ ಬಿಡಿ.

ಕಸುಬನ್ನೇ ಜೀವನಕ್ಕೆ ನೆಚ್ಚಿದವರಿಗೆ ಸರಕಾರದ ನೆರವೂ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳನ್ನು ಸೇರಿಸಿದ್ದಾರೆ. ಅದರಲ್ಲಿ ಕಮ್ಮಾರಿಕೆ ಒಂದು, ಸುತ್ತಿಗೆ ಮತ್ತು ಸಲಕರಣೆ ಮಾಡುವ ಕೆಲಸ ಇನ್ನೊಂದು. ತರಬೇತಿಯ ಜೊತೆಗೆ ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಕುಟುಂಬಕ್ಕೆ ಒಬ್ಬರಿಗೆ. ಹವ್ಯಾಸಕ್ಕೆ ಕಲಿಯುವವರಿಗೆ ಇದು ಅಲ್ಲ.

ಸರಿ, ಗಟ್ಟಿ ಮನೆಗೆ ಬಂತು. ತೂಕ ಇದೆ, ಮುಖ ಇದೆ. ಉಳಿದದ್ದು ಮೂರನೆಯ ಮಾತು, ಬುಡ. ಅಲುಗಾಡುವ ಒರಳಿನಲ್ಲಿ ರುಬ್ಬಿದರೆ ಏನಾಗುತ್ತದೋ ಅಲುಗಾಡುವ ಅಡೆಗಲ್ಲಿನ ಮೇಲೂ ಅದೇ ಆಗುತ್ತದೆ. ಹುಣಸೆ, ಜಾಲಿಯಂಥ ಗಟ್ಟಿ ಮರದ ದಿಮ್ಮಿ ತನ್ನಿ. ಮರ ಬೆಳೆದ ಹಾಗೇ ನೆಟ್ಟಗೆ ನಿಲ್ಲಿಸಬೇಕು, ಮಲಗಿಸಬಾರದು. ಗಟ್ಟಿಯ ಅಳತೆಗೆ ಮೂರು ನಾಲ್ಕು ಬೆರಳು ಆಳ ಗುಳಿ ಕೊರೆದು ಇಳಿಸಿ, ಸಂದಿಗೆ ಮರದ ಬೆಣೆ ಹೊಡೆಯಿರಿ. ದಿಮ್ಮಿ ಸೀಳದಂತೆ ಸುತ್ತ ಕಬ್ಬಿಣದ ಪಟ್ಟಿ ಹಾಕಿಸಿ. ಮರ ಸಿಗದಿದ್ದರೆ ಗಟ್ಟಿಮುಟ್ಟಾದ ಪೆಟ್ಟಿಗೆಯಲ್ಲಿ ಮರಳು ತುಂಬಿ ಅದರಲ್ಲಿ ಕೂರಿಸಬಹುದು. ಸದ್ದೂ ಕಡಿಮೆ. ಅಕ್ಕಪಕ್ಕ ಮನೆಗಳಿದ್ದರೆ ಇದೇ ಒಳ್ಳೆಯದು.

ಎತ್ತರ ಎಷ್ಟಿರಬೇಕು? ನಿಂತು ಕೆಲಸ ಮಾಡುವವರು ಕೈ ಇಳಿಬಿಟ್ಟು ಮುಷ್ಟಿ ಕಟ್ಟಲಿ. ಬೆರಳ ಗಿಣ್ಣು ಎಲ್ಲಿ ಬರುತ್ತದೋ ಅಲ್ಲಿಗೆ ಅಡೆಗಲ್ಲಿನ ಮುಖ ಬರಲಿ. ಐದೂವರೆ ಅಡಿಯವರಿಗೆ ಅದು ನೆಲದಿಂದ ಎರಡೂವರೆ ಅಡಿಗೆ ತುಸು ಕಡಿಮೆ. ಮೇಲಾದರೆ ಭುಜ ನೋಯುತ್ತದೆ. ಕೆಳಗಾದರೆ ಬೆನ್ನು ಬಗ್ಗುತ್ತದೆ. ನಮ್ಮ ಹಳ್ಳಿಗಳ ಕಮ್ಮಾರರು ಕೂತೇ ಕೆಲಸ ಮಾಡಿದವರು. ಅಡೆಗಲ್ಲು ನೆಲದ ಮಟ್ಟದಲ್ಲಿ, ತಿದಿ ಕೈಗೆಟುಕುವ ದೂರದಲ್ಲಿ, ಸಮ್ಮಟಿಗೆ ಹೊಡೆಯುವವನು ಎದುರಿಗೆ ನಿಂತು. ಇಬ್ಬರಿದ್ದು ದೊಡ್ಡ ಕೆಲಸ ಮಾಡುವವರಿಗೆ ಅದು ಇಂದಿಗೂ ಸೊಗಸಾದ ವ್ಯವಸ್ಥೆ. ಕುಕ್ಕರಗಾಲಿನಲ್ಲಿ ಕೂತು ಅಭ್ಯಾಸವಿರುವವರು ಟೀವಿ ನೋಡಿ ಅದನ್ನು ಬಿಡಬೇಕಾಗಿಲ್ಲ.

ಸುತ್ತಿಗೆ ಎತ್ತುವ ಮುಂಚೆ ಇನ್ನೊಂದು ಕೆಲಸ. ಹೊಸ ಗಟ್ಟಿಯ ಅಂಚು ಚೂಪಾಗಿರುತ್ತದೆ. ಅದು ಕಾದ ಕಬ್ಬಿಣಕ್ಕೆ ಗಾಯ ಮಾಡುತ್ತದೆ, ಆ ಗಾಯವೇ ಮುಂದೆ ಬಿರುಕಾಗುತ್ತದೆ. ಎರಡು ಅಂಚನ್ನು ಅರದಿಂದ ದುಂಡಗೆ ಮಾಡಿ, ಒಂದನ್ನು ಸ್ವಲ್ಪ, ಇನ್ನೊಂದನ್ನು ಜಾಸ್ತಿ. ಕಣ್ಣಿಗೆ ಕನ್ನಡಕ, ಮೈಗೆ ಹತ್ತಿ ಬಟ್ಟೆ, ಕಾಲಿಗೆ ಚರ್ಮದ ಬೂಟು. ನೈಲಾನ್ ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಕಿವಿಗೆ ಇಯರ್ ಪ್ಲಗ್ ಹಾಕಿ. ಕಮ್ಮಾರರಿಗೆ ವಯಸ್ಸಾದ ಮೇಲೆ ಕಿವಿ ಮಂದವಾಗುವುದು ಈ ಠಣ್ ಠಣ್‌ನಿಂದಲೇ. ಕಳೆದುಕೊಂಡ ಕಿವಿ ಮರಳಿ ಬರುವುದಿಲ್ಲ.

ಈಗ ಒಂದು ಕೊಕ್ಕೆ ಮಾಡೋಣ. ಕೊಂಬಿಲ್ಲದ ಗಟ್ಟಿಯ ಮೇಲೆಯೇ. 10 ಮಿಲಿಮೀಟರಿನ ದುಂಡು ಸರಳು ತೆಗೆದುಕೊಳ್ಳಿ. ಸಾಕಷ್ಟು ಉದ್ದ ಇದ್ದರೆ ಇಕ್ಕಳ ಬೇಡ, ಇನ್ನೊಂದು ತುದಿಯನ್ನು ಕೈಯಲ್ಲೇ ಹಿಡಿಯಬಹುದು. ಇದ್ದಿಲ ಬೆಂಕಿಯಲ್ಲಿ ತುದಿ ಕಿತ್ತಳೆ ದಾಟಿ ಹಳದಿಗೆ ಬರಲಿ. ಹೊರಗೆ ತೆಗೆದ ಕೂಡಲೇ ತಂತಿ ಬ್ರಷ್‌ನಿಂದ ಒಮ್ಮೆ ಉಜ್ಜಿ, ಇಲ್ಲವಾದರೆ ಕಿಟ್ಟದ ಹೊಪ್ಪಳೆ ಕಬ್ಬಿಣದೊಳಗೇ ಅಚ್ಚಾಗುತ್ತದೆ. ತುದಿಯನ್ನು ಅಡೆಗಲ್ಲಿನ ಆಚೆಯ ಅಂಚಿಗೆ ತಂದು, ಕೈ ತುಸು ಮೇಲೆತ್ತಿ ಓರೆಯಾಗಿ ಹಿಡಿಯಿರಿ. ಸುತ್ತಿಗೆಯೂ ಅದೇ ಓರೆಯಲ್ಲಿ ಬೀಳಲಿ. ಎರಡು ಪೆಟ್ಟು, ಸರಳನ್ನು ಕಾಲು ಸುತ್ತು ತಿರುಗಿಸಿ, ಮತ್ತೆರಡು ಪೆಟ್ಟು. ಮೊದಲು ಚೌಕ ಮೊನೆ ಬರಲಿ. ಆಮೇಲೆ ಚೌಕದ ನಾಲ್ಕು ಮೂಲೆ ಬಡಿದು ಎಂಟು ಮುಖ ಮಾಡಿ. ಕೊನೆಗೆ ದುಂಡು. ಮೊದಲೇ ದುಂಡು ಮಾಡಲು ಹೋದರೆ ನಡುವೆ ಸೀಳು ಬಿಡುತ್ತದೆ.

ಯೋಚಿಸುವಾಗ ಸರಳನ್ನು ಅಡೆಗಲ್ಲಿಗೆ ಒರಗಿಸಬೇಡಿ. ತಣ್ಣನೆಯ ಉಕ್ಕು ಕ್ಷಣದಲ್ಲಿ ಕಾವು ಹೀರಿಬಿಡುತ್ತದೆ. ಬಣ್ಣ ಮಂಕು ಕೆಂಪಿಗೆ ಇಳಿದರೆ ಹೊಡೆಯುವುದನ್ನು ನಿಲ್ಲಿಸಿ ಮತ್ತೆ ಬೆಂಕಿಗೆ ಕೊಡಿ. ಕಪ್ಪಾದ ಕಬ್ಬಿಣವನ್ನು ಬಡಿಯುವುದೇ ಮುಖ ಹಾಳಾಗಲು ಮೊದಲ ಕಾರಣ.

ಮೊನೆ ಬಂದಮೇಲೆ ಬಗ್ಗಿಸುವುದು. ಮತ್ತೆ ಕಾಯಿಸಿ, ಎರಡು ಬೆರಳಿನಷ್ಟು ತುದಿಯನ್ನು ದುಂಡಾದ ಅಂಚಿನಾಚೆ ಚಾಚಿ ಮೆಲ್ಲಗೆ ತಟ್ಟಿ. ತುದಿ ಕೆಳಗೆ ಬಾಗುತ್ತದೆ. ತಿರುಗಿಸಿ ಮೇಲ್ಮುಖ ಮಾಡಿ, ತುದಿಯ ಕಡೆಯಿಂದ ನಿಮ್ಮ ಕಡೆಗೆ ತಟ್ಟುತ್ತ ಸುರುಳಿ ಮಾಡಿ. ದೊಡ್ಡ ಬಾಗಿಗೆ ಕೊಂಬಿನ ಬದಲು ವೈಸಿನಲ್ಲಿ ಹಿಡಿದ ಒಂದು ಅಂಗುಲದ ಸರಳು ಸಾಕು. ನಿಲ್ಲಿಸಿದ ರೈಲು ಕಂಬಿಯಾದರೆ ಅದರ ತಲೆಯ ಪಕ್ಕೆಯ ದುಂಡು ಮೂಲೆಯೇ ಕೊಂಬಿನ ಕೆಲಸ ಮಾಡುತ್ತದೆ.

ಸರಳನ್ನು ತುಂಡರಿಸುವಾಗ ಮಾತ್ರ ಉಳಿಯನ್ನು ಅಡೆಗಲ್ಲಿನ ಮುಖದ ಮೇಲೆ ಪಾರು ಹೊಡೆಯಬೇಡಿ. ಮುಖಕ್ಕೆ ಗಾಯ, ಉಳಿಗೆ ಮೊಂಡು. ಕಾಲು ಅಂಗುಲ ದಪ್ಪದ ಮೆದು ಕಬ್ಬಿಣದ ಪಟ್ಟಿಯನ್ನು ಕೆಳಗಿಟ್ಟು ಹೊಡೆಯಿರಿ. ಕೆಲಸ ಮುಗಿದ ಮೇಲೆ ಮುಖಕ್ಕೆ ಎಣ್ಣೆ ಬಟ್ಟೆಯಿಂದ ಒಮ್ಮೆ ಒರೆಸಿ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಇದನ್ನು ತಪ್ಪಿಸಿದರೆ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಗುರುತು ನೀವು ಬಡಿದ ಪ್ರತಿಯೊಂದು ಚಾಕುವಿನ ಮೈಮೇಲೂ ಮೂಡುತ್ತದೆ.

ದೊಡ್ಡ ಅಡೆಗಲ್ಲು ಯಾವಾಗ ಕೊಳ್ಳಬೇಕು? ಅದನ್ನು ಮಾಡುವ ಕೆಲಸ ಹೇಳುತ್ತದೆ. ಕಿಟಕಿ, ಗೇಟುಗಳಿಗೆ ಸುರುಳಿ ಮಾಡುವವರಿಗೆ ಕೊಂಬು ಬೇಕಾಗುತ್ತದೆ. ಗುಳ, ಹಾರೆ, ಗುದ್ದಲಿ ತಟ್ಟುವವರಿಗೆ ಅಗಲ ಮುಖ ಬೇಕು, ಸಮ್ಮಟಿಗೆ ತಡೆಯುವ ಹೆಚ್ಚಿನ ತೂಕ ಬೇಕು. ಚಾಕು ಮಾಡುವವರಿಗೆ ಬಹುಕಾಲ ಯಾವುದೂ ಬೇಕಾಗುವುದಿಲ್ಲ. ಮೊದಲ ಗಟ್ಟಿಯಲ್ಲಿ ಉಳಿಸಿದ ದುಡ್ಡನ್ನು ಒಂದು ಒಳ್ಳೆಯ 1 ಕೆ.ಜಿ. ಸುತ್ತಿಗೆಗೆ, ಹಿಡಿತ ತಪ್ಪದ ಎರಡು ಇಕ್ಕಳಗಳಿಗೆ, ಒಂದು ಮೂಟೆ ಇದ್ದಿಲಿಗೆ ಹಾಕಿ. ಇಕ್ಕಳ ಕೊಳ್ಳುವಾಗ 10 ಮಿಲಿಮೀಟರಿನ ಸರಳನ್ನು ಜೊತೆಗೆ ಒಯ್ಯಿರಿ. ಅದನ್ನು ಬಾಯಲ್ಲಿ ಹಿಡಿಸಿ ಅಲ್ಲಾಡಿಸಿ ನೋಡಿ. ಸರಳು ತಿರುಗಿದರೆ ಬೇರೆ ಇಕ್ಕಳ ಕೇಳಿ.